ಬಾವಿ ನೀರು ಬಿಟ್ಟು ಕಾರ್ಪೊರೇಷನ್ ನೀರಿಗೆ ಬಂದ ಮೇಲೆ, ನೀರು ಬದಲಿಸಿದಾಗೆಲ್ಲ ಮೀನು ಮಂಕಾಗ್ತಾವೆ. ಯಾಕೆ?

ಬಿಜೈ ಬಾಲ್ಕನಿ

ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ಎರಡಡಿ ಟ್ಯಾಂಕ್ ಉಂಟು. ಸ್ಪಂಜ್ ಫಿಲ್ಟರ್, ಒಂದು ಜೋಡಿ ಏಂಜೆಲ್, ಒಂದು ಹಿಂಡು ಟೆಟ್ರಾ, ಸ್ವಲ್ಪ ಮೋಲಿ. ಹಿರಿಯಡ್ಕದ ಮನೆಯಲ್ಲಿದ್ದಾಗ ಬಾವಿ ನೀರು ಸೇದಿ ಹಾಕುತ್ತಿದ್ದೆವು. ಮೀನು ಆರಾಮಾಗಿದ್ದವು. ಈಗ ಮಂಗಳೂರಿಗೆ ಬಂದಿದ್ದೇವೆ, ಬಿಜೈಯಲ್ಲಿ ಫ್ಲಾಟ್. ಇಲ್ಲಿ ಕಾರ್ಪೊರೇಷನ್ ನೀರು. ಸಾಲದಿದ್ದರೆ ಬೋರ್ ನೀರೂ ಸೇರುತ್ತದೆ.

ಮೀನು ತರುವಾಗ ಹಳೇ ನೀರನ್ನೂ ಕ್ಯಾನಿನಲ್ಲಿ ತುಂಬಿಸಿ ತಂದಿದ್ದೆವು. ಹಾಗಾಗಿ ಮೊದಮೊದಲು ಏನೂ ಗೊತ್ತಾಗಲಿಲ್ಲ. ಇಲ್ಲಿಯ ನೀರು ಹಾಕಲು ಶುರು ಮಾಡಿದ ಮೇಲೆ ಕಷ್ಟ. ಬದಲಿಸಿ ಅರ್ಧ ಗಂಟೆಯೊಳಗೆ ಟೆಟ್ರಾಗಳ ಬಣ್ಣ ಇಳಿಯುತ್ತದೆ. ಏಂಜೆಲ್ ರೆಕ್ಕೆ ಮಡಚಿಕೊಂಡು ಫಿಲ್ಟರ್ ಹಿಂದೆ ಹೋಗಿ ನಿಲ್ಲುತ್ತದೆ, ತಿಂಡಿ ಮುಟ್ಟುವುದಿಲ್ಲ. ಕೆಲವೊಮ್ಮೆ ಎಲ್ಲವೂ ಮೇಲೆ ಬಂದು ಬಾಯಿ ಬಿಡುತ್ತವೆ. ಎರಡು ದಿನ ಹೀಗೆ, ಆಮೇಲೆ ಸರಿ. ನೀರಿನ ಕ್ಲೋರಿನ್ ತೆಗೆಯುವ ಆಂಟಿ ಕ್ಲೋರಿನ್ ತಪ್ಪದೆ ಹಾಕುತ್ತೇನೆ. ಅತ್ತೆಯಂತೂ "ಅದರಷ್ಟಕ್ಕೆ ಬಿಡು ಮಾರಾಯ್ತಿ, ಹೊಳೆಯಲ್ಲಿ ಯಾರು ನೀರು ಬದಲಿಸ್ತಾರೆ" ಅಂತಾರೆ.

ಗಪ್ಪಿ ಗ್ಯಾಂಗ್

ಅತ್ತೆಯವರಿಗೆ ಹೇಳಿ ಅಕ್ಕ, ಹೊಳೆಯಲ್ಲಿ ನೀರು ನಿಮಿಷ ನಿಮಿಷಕ್ಕೂ ಬದಲಾಗ್ತಾನೇ ಇರುತ್ತೆ ಅಂತ.

ಹಳೇ ಟ್ಯಾಂಕ್

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವ ವಿಷಯವೇ ಅಲ್ಲ ಇದು. ಎರಡು ತಿಂಗಳಿಗೊಮ್ಮೆ ಮೀನನ್ನೆಲ್ಲ ಬಲೆಯಲ್ಲಿ ಹಿಡಿದು ಬಕೆಟಿಗೆ ಹಾಕಿ. ಟ್ಯಾಂಕ್ ಪೂರ್ತಿ ಖಾಲಿ ಮಾಡಿ. ಜಲ್ಲಿಯನ್ನು ಕಲ್ಲುಪ್ಪು ಹಾಕಿ ಚೆನ್ನಾಗಿ ತಿಕ್ಕಿ. ಫಿಲ್ಟರ್ ನಲ್ಲಿ ಕೆಳಗೆ ಹಿಡಿದು ತೊಳೆಯಿರಿ. ಹೊಸ ನೀರು ತುಂಬಿಸಿ ಮೀನು ಬಿಡಿ. ನಾವು ಮೊದಲಿಂದ ಹೀಗೇ ಮಾಡಿಕೊಂಡು ಬಂದದ್ದು. ಗಾಜು ಫಳಫಳ ಅನ್ನುತ್ತದೆ.

ಬ್ರಹ್ಮಾವರ ಬಾವಿಕಟ್ಟೆ

ಅಕ್ಕ, ಉತ್ತರಕ್ಕೆ ಮೊದಲು ಸ್ವಲ್ಪ ವಿವರ ಬೇಕು. ಎಷ್ಟು ನೀರು ತೆಗೀತೀರಿ, ಎಷ್ಟು ದಿನಕ್ಕೊಮ್ಮೆ? ಯಾವ ಹೊತ್ತಿಗೆ? ಬಕೆಟಿನಲ್ಲಿ ಹಿಡಿದಿಟ್ಟು ಹಾಕ್ತೀರೋ, ನಲ್ಲಿಗೆ ಪೈಪ್ ಸಿಕ್ಕಿಸಿ ನೇರ ಬಿಡ್ತೀರೋ? ಆಂಟಿ ಕ್ಲೋರಿನ್ ಮೊದಲೋ ಆಮೇಲೋ? ಟ್ಯಾಂಕ್ ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ, 7ಕ್ಕಿಂತ ಕೆಳಗೆ ಹುಳಿ) ಎಷ್ಟು, ನಲ್ಲಿ ನೀರಿನದ್ದು ಎಷ್ಟು?

ಹಳೇ ಟ್ಯಾಂಕ್ ಅಣ್ಣ, ನಿಮ್ಮ ಹತ್ತಿರ ಆಮೇಲೆ ಬರ್ತೇನೆ.

ಬಿಜೈ ಬಾಲ್ಕನಿ

ತಿಂಗಳಿಗೊಮ್ಮೆ ಅರ್ಧ ಟ್ಯಾಂಕ್. ಮಧ್ಯಾಹ್ನ, ಮಗ ಮಲಗಿದ ಮೇಲೆ. ಬಾತ್‌ರೂಮ್ ನಲ್ಲಿಯಿಂದ ಪೈಪ್ ಎಳೆದು ನೇರ ತುಂಬಿಸುವುದು. ತುಂಬಿದ ಮೇಲೆ ಆಂಟಿ ಕ್ಲೋರಿನ್. ಪಿಎಚ್ ನೋಡಿಲ್ಲ, ನೀರು ಪರೀಕ್ಷೆಯ ಕಿಟ್ ತರಿಸುತ್ತೇನೆ.

ಕುಡ್ಲದ ಆಸ್ಕರ್

ಮಧ್ಯಾಹ್ನವಾ! ಏಪ್ರಿಲ್ ಮಧ್ಯಾಹ್ನ ತಾರಸಿ ಮೇಲಿನ ಸಿಂಟೆಕ್ಸ್ ನೀರಿಗೆ ಒಮ್ಮೆ ಕೈ ಇಟ್ಟು ನೋಡಿ. ಸ್ನಾನಕ್ಕೆ ಗೀಸರ್ ಬೇಡ. ನಿಮ್ಮ ಟ್ಯಾಂಕ್ ಇರುವುದು 29 ಅಥವಾ 30 ಡಿಗ್ರಿಯಲ್ಲಿ. ಅದಕ್ಕೆ ಅರ್ಧ ಟ್ಯಾಂಕ್ ಬಿಸಿನೀರು ಬಿಟ್ಟರೆ ಮೀನು ಏನು ಮಾಡಬೇಕು? ಬಿಸಿ ನೀರಲ್ಲಿ ಆಮ್ಲಜನಕ ನಿಲ್ಲುವುದೂ ಕಡಿಮೆ. ಮೇಲೆ ಬಂದು ಬಾಯಿ ಬಿಡಲು ಅದೊಂದೇ ಸಾಕು.

ಬೆಳಿಗ್ಗೆ ಮಾಡಿ, ಅಥವಾ ರಾತ್ರಿಯೇ ಬಕೆಟಿನಲ್ಲಿ ಹಿಡಿದು ಟ್ಯಾಂಕ್ ಪಕ್ಕದಲ್ಲೇ ಇಡಿ. ಬೆಳಗಾಗುವಾಗ ಎರಡೂ ಒಂದೇ ಬಿಸಿಗೆ ಬಂದಿರುತ್ತವೆ. ಥರ್ಮಾಮೀಟರ್ ದೊಡ್ಡ ಖರ್ಚಲ್ಲ. ಒಂದೆರಡು ಡಿಗ್ರಿ ವ್ಯತ್ಯಾಸ ಪರವಾಗಿಲ್ಲ. ಮಳೆಗಾಲದ ಆಟಿ ತಿಂಗಳಲ್ಲಿ ಇದು ತಿರುಗಾಮುರುಗಾ. ಹೊಸ ನೀರು ತಣ್ಣಗೆ ಕೊರೆಯುತ್ತಿರುತ್ತದೆ. ಹಾಗೇ ಸುರಿದರೆ ಕೆಲವು ದಿನಕ್ಕೆ ಮೈಮೇಲೆ ಉಪ್ಪು ಉದುರಿಸಿದ ಹಾಗೆ ಬಿಳಿ ಚುಕ್ಕಿ ಏಳಬಹುದು. ಮಳೆಗಾಲದಲ್ಲಿ ಬಿಳಿ ಚುಕ್ಕಿ ಜಾಸ್ತಿ ಅಂತ ಎಲ್ಲರೂ ಹೇಳ್ತಾರೆ, ಬಕೆಟ್ ನೀರನ್ನು ಮುಟ್ಟಿ ನೋಡುವವರು ಕಮ್ಮಿ.

ಲ್ಯಾಬ್ ಕೋಟು

ಕ್ಲೋರಿನ್ ಬಗ್ಗೆ ನಾನು ಹೇಳ್ತೇನೆ. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಐಎಸ್ 10500. ಕ್ಲೋರಿನ್ ಹಾಕಿ ಶುದ್ಧ ಮಾಡಿದ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು ಅಂತ ಅದೇ ಹೇಳುತ್ತದೆ. ನಮ್ಮ ಹೊಟ್ಟೆಗೆ ಅದು ಒಳ್ಳೆಯದು, ಮೀನಿನ ಕಿವಿರಿಗೆ ಅಲ್ಲ. ಕಿವಿರಿನ ತೆಳು ಪೊರೆ ಸುಡುತ್ತದೆ. ಆಮೇಲೆ ಏರ್ ಪಂಪ್ ಎಷ್ಟು ಜೋರಾಗಿ ಓಡಿದರೂ ಮೀನಿಗೆ ಉಸಿರು ಸಾಕಾಗುವುದಿಲ್ಲ.

ಆಂಟಿ ಕ್ಲೋರಿನ್ ಅಂತ ಮಾರುವ ಬಾಟಲಿಗಳಲ್ಲಿ ಸಾಮಾನ್ಯವಾಗಿ ಇರುವುದು ಸೋಡಿಯಂ ಥಯೋಸಲ್ಫೇಟ್. ಹಳೆಯ ಫೋಟೊ ಸ್ಟುಡಿಯೊದವರು ಬಳಸುತ್ತಿದ್ದ ಹೈಪೋ. ಇದು ಕ್ಲೋರಿನ್ ಜೊತೆ ಸೆಕೆಂಡುಗಳಲ್ಲಿ ಕೆಲಸ ಮುಗಿಸುತ್ತದೆ. ಆದರೆ ಕ್ಲೋರಿನ್ ಕಿವಿರು ಮುಟ್ಟುವ ಮೊದಲೇ ಅದು ನೀರಿನಲ್ಲಿ ಇರಬೇಕು. ತುಂಬಿಸಿ ಆದ ಮೇಲೆ ಹಾಕಿದರೆ ಅಷ್ಟು ಹೊತ್ತು ಮೀನು ಕ್ಲೋರಿನ್ನಿನಲ್ಲೇ ಈಜಿರುತ್ತದೆ. ಬಕೆಟಿಗೇ ಹಾಕಿ ಕಲಸುವುದು ಒಳ್ಳೆಯದು. ಪೈಪೇ ಬೇಕು ಅಂದರೆ, ನೀರು ಬಿಡುವ ಮೊದಲು ಇಡೀ ಟ್ಯಾಂಕಿನ ಲೆಕ್ಕಕ್ಕೆ ಹಾಕಿ.

ಹೈಪೋ ಹರಳು ತಂದುಕೊಳ್ಳುವವರಿಗೆ ಲೆಕ್ಕ: 1 ಮಿಲಿಗ್ರಾಂ ಕ್ಲೋರಿನ್ನಿಗೆ ಸುಮಾರು 7 ಮಿಲಿಗ್ರಾಂ ಹೈಪೋ. ಲೀಟರಿಗೆ 1 ಮಿಲಿಗ್ರಾಂ ಕ್ಲೋರಿನ್ ಇರುವ 20 ಲೀಟರ್ ಬಕೆಟಿಗೆ 140 ಮಿಲಿಗ್ರಾಂ, ಅಂದರೆ ಒಂದು ಚಿಕ್ಕ ಚಿಟಿಕೆ. ಬರೀ ಕ್ಲೋರಿನ್ ಆದರೆ ಗಾಳಿ ಗುಳ್ಳೆ ಬಿಡುವ ಏರ್ ಸ್ಟೋನ್ ಹಾಕಿ ಒಂದು ದಿನ ಇಟ್ಟರೂ ಹಾರಿಹೋಗುತ್ತದೆ. ಕ್ಲೋರಿನ್ ಜೊತೆ ಅಮೋನಿಯಾ ಸೇರಿದ ಕ್ಲೋರಮಿನ್ ಬಳಸುವ ಊರುಗಳಲ್ಲಿ ಈ ಇಡುವ ಉಪಾಯ ನಡೆಯುವುದಿಲ್ಲ.

ಮಲ್ಪೆ ಗಾಳಿ

ಬಾವಿ ನೀರಾದರೆ ಕ್ಲೋರಿನ್ ಇಲ್ಲ ಅಂತ ಬಾವಿಯವರು ಕೂತ್ಕೊಳ್ಳಬೇಡಿ. ಮಳೆ ಶುರುವಾಗುವಾಗ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕ್ತೇವಲ್ಲ, ಅದೂ ಕ್ಲೋರಿನ್ನೇ. ಅದು ಎಷ್ಟು ಬಿತ್ತು ಅಂತ ಯಾರಿಗೂ ಲೆಕ್ಕ ಇರಲ್ಲ. ಪೌಡರ್ ಹಾಕುವ ಮೊದಲೇ ಒಂದೆರಡು ಡ್ರಮ್ ಸೇದಿ ಇಟ್ಟುಕೊಳ್ಳಿ. ಆಮೇಲೆ ವಾಸನೆ ಪೂರ್ತಿ ಹೋದ ಮೇಲೂ ಹೈಪೋ ಹಾಕದೆ ಟ್ಯಾಂಕಿಗೆ ಬಿಡಬೇಡಿ.

ಬಿಜೈ ಬಾಲ್ಕನಿ

ಕಿಟ್ ಬಂತು. ನೋಡಿದೆ. ಟ್ಯಾಂಕ್ ನೀರು ಪಿಎಚ್ 5.8ರ ಹತ್ತಿರ, ಬಣ್ಣ ಪೂರ್ತಿ ಹಳದಿ. ನಲ್ಲಿ ನೀರು ರಾತ್ರಿ ಇಟ್ಟು ನೋಡಿದರೆ 7.4. ಟ್ಯಾಂಕಿನ ಅಮೋನಿಯಾ ಹಸಿರಿಗೆ ತಿರುಗಿತು, ಚಾರ್ಟಿನಲ್ಲಿ 1 ಪಿಪಿಎಂ, ಅಂದರೆ ಲೀಟರಿಗೆ 1 ಮಿಲಿಗ್ರಾಂ. ಫಿಲ್ಟರ್ ಯಾವಾಗಲೂ ಓಡುತ್ತಿರುತ್ತದೆ. ಅಮೋನಿಯಾ ಇಷ್ಟಿದ್ದೂ ನೀರು ಬದಲಿಸದ ದಿನಗಳಲ್ಲಿ ಮೀನು ಆರಾಮಾಗಿ ಇರುವುದು ಹೇಗೆ?

ಗಪ್ಪಿ ಗ್ಯಾಂಗ್

5.8ಕ್ಕೆ ಮೋಲಿ ಬದುಕಿದ್ದೇ ಪುಣ್ಯ. ಇವತ್ತೇ ಮರುವಾಯಿ (ಕಪ್ಪೆಚಿಪ್ಪು) ಚಿಪ್ಪು ಒಂದು ಮುಷ್ಟಿ ಹಾಕಿ, ಪಿಎಚ್ ಏರುತ್ತೆ.

ಬ್ರಹ್ಮಾವರ ಬಾವಿಕಟ್ಟೆ

ನಿಲ್ಲಿ ನಿಲ್ಲಿ. ಚಿಪ್ಪು ಹಾಕಲಿಕ್ಕುಂಟು, ಆದರೆ ಇವತ್ತಲ್ಲ. ಇವತ್ತು ಪಿಎಚ್ ಏರಿಸಿದರೆ ಮೀನಿಗೆ ಕಷ್ಟ. ಉದ್ದ ಆಗ್ತದೆ, ಆದರೂ ಓದಿ.

ನಮ್ಮ ಕರಾವಳಿ ಮುರಕಲ್ಲಿನ (ಜಂಬಿಟ್ಟಿಗೆ) ನೆಲ. ಈ ಮಣ್ಣಿನಲ್ಲಿ ಸುಣ್ಣದ ಅಂಶ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಬಾವಿ ನೀರು ಮೆದು. ಸೋಪು ಒಂದು ತಿಕ್ಕಿಗೆ ನೊರೆ ಬರುತ್ತದಲ್ಲ, ಅದೇ ಗುರುತು. ಇಂಥ ನೀರು ಸ್ವಲ್ಪ ಹುಳಿಯ ಕಡೆಗೂ ಇರುತ್ತದೆ. ಟೆಟ್ರಾ, ಏಂಜೆಲ್‌ಗೆ ಅದು ಖುಷಿಯೇ. ತೊಂದರೆ ಬೇರೆ ಕಡೆ ಉಂಟು.

ಮೀನಿನ ಹೇಸಿಗೆ, ಉಳಿದ ತಿಂಡಿ ಕೊಳೆತು ಅಮೋನಿಯಾ ಆಗುತ್ತದೆ. ಸ್ಪಂಜಿನಲ್ಲಿ ಮನೆ ಮಾಡಿದ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಈ ಕೆಲಸಕ್ಕೆ ಅವು ನೀರು ಹುಳಿಯಾಗದಂತೆ ತಡೆಯುವ ಕ್ಷಾರವನ್ನು ತಿನ್ನುತ್ತವೆ. ಅಮೋನಿಯಾದಲ್ಲಿರುವ 1 ಮಿಲಿಗ್ರಾಂ ಸಾರಜನಕಕ್ಕೆ ಸುಮಾರು 7 ಮಿಲಿಗ್ರಾಂ ಕ್ಷಾರ ಖಾಲಿ. ಮೆದು ನೀರಿನಲ್ಲಿ ಇದ್ದದ್ದೇ ಇಷ್ಟು. ಅದು ಮುಗಿದ ಮೇಲೆ ಪಿಎಚ್ ಇಳಿಯುತ್ತಾ ಹೋಗುತ್ತದೆ. 6ರ ಕೆಳಗೆ ಬಂದಾಗ ಆ ಬ್ಯಾಕ್ಟೀರಿಯಾಗಳೇ ಹೆಚ್ಚುಕಮ್ಮಿ ಕೆಲಸ ನಿಲ್ಲಿಸುತ್ತವೆ. ಹಾಗಾಗಿ ಅಮೋನಿಯಾ ಜಮೆಯಾಗುತ್ತದೆ.

ಆದರೂ ಮೀನು ಆರಾಮಾಗಿರುತ್ತದೆ, ಯಾಕೆ? ಹುಳಿ ನೀರಿನಲ್ಲಿ ಅಮೋನಿಯಾ ಬಹುಪಾಲು ಅಮೋನಿಯಂ ರೂಪದಲ್ಲಿರುತ್ತದೆ. ಅದರ ವಿಷ ತೀರಾ ಕಡಿಮೆ. ಪಿಎಚ್ ಒಂದು ಅಂಕಿ ಏರಿದರೆ ವಿಷದ ಪಾಲು ಹತ್ತಿರ ಹತ್ತಿರ ಹತ್ತುಪಟ್ಟಾಗುತ್ತದೆ. ಅಕ್ಕನ ಟ್ಯಾಂಕ್ 5.8ರಲ್ಲಿ ಸುಮ್ನೆ ಕೂತಿತ್ತು. ತುಂಬೆ ಅಣೆಕಟ್ಟಿನಿಂದ ಬಂದ ನೇತ್ರಾವತಿ ನೀರನ್ನು, ಅಂದರೆ ನಿಮ್ಮ ಕಾರ್ಪೊರೇಷನ್ ನೀರನ್ನು, ಅರ್ಧ ಟ್ಯಾಂಕ್ ಬಿಟ್ಟಾಗ ಪಿಎಚ್ ಏಳರ ಕಡೆಗೆ ನೆಗೆಯಿತು. ಅಮೋನಿಯಾ ಅರ್ಧ ಹೊರಗೆ ಹೋಯಿತು ನಿಜ, ಆದರೆ ಉಳಿದ ಅರ್ಧದಲ್ಲಿ ವಿಷದ ಪಾಲು ಹತ್ತುಪಟ್ಟು. ನೀರು ಬದಲಿಸಿದ್ದಕ್ಕೇ ಮೀನು ಸುಸ್ತಾಯ್ತು ಅಂತ ಕಾಣುವುದು ಇದಕ್ಕೇ. ತುಂಬೆ ನೀರಿನಲ್ಲಿ ದೋಷ ಇಲ್ಲ. ಹಳೇ ನೀರು ಮತ್ತು ಹೊಸ ನೀರಿನ ಮಧ್ಯೆ ಇಷ್ಟು ದೂರ ಆಗಲು ಬಿಟ್ಟದ್ದೇ ತೊಂದರೆ. ಬಿಸಿ, ಕ್ಲೋರಿನ್, ಪಿಎಚ್ ಮೂರೂ ಒಂದೇ ಮಧ್ಯಾಹ್ನ ಬಂದು ಬಡಿದಿವೆ.

ಹಿರಿಯಡ್ಕದಲ್ಲಿ ಯಾಕೆ ಹೀಗೆ ಆಗಲಿಲ್ಲ ಅಂದರೆ, ಅಲ್ಲಿ ಹೊಸ ನೀರೂ ಹುಳಿ, ಹಳೇ ನೀರೂ ಹುಳಿ. ನೆಗೆತವೇ ಇಲ್ಲ.

ಈಗ ಮಾಡಬೇಕಾದ್ದು: ತಿಂಡಿ ಅರ್ಧಕ್ಕಿಳಿಸಿ. ದಿನಾ ಐದೇ ಲೀಟರ್ ಬದಲಿಸಿ, ಅಷ್ಟೇ. ಎರಡಡಿ ಟ್ಯಾಂಕ್ ಅಂದರೆ ಒಂದಡಿ ಅಗಲ, ಒಂದಡಿ ಎತ್ತರಕ್ಕೆ ಅಂದಾಜು 56 ಲೀಟರ್. ಜಲ್ಲಿ ಕಳೆದು, ಮೇಲೆ ಬಿಟ್ಟ ಜಾಗ ಕಳೆದು 45 ಇಟ್ಟುಕೊಳ್ಳಿ. ಐದು ಲೀಟರ್ ಅಂದರೆ ಒಂಬತ್ತರಲ್ಲೊಂದು ಪಾಲು. ಅಮೋನಿಯಾ ಕರಗುತ್ತಾ ಹೋಗುತ್ತದೆ, ಪಿಎಚ್ ನಿಧಾನಕ್ಕೆ ಮೇಲೆ ಬರುತ್ತದೆ, ಬ್ಯಾಕ್ಟೀರಿಯಾ ಮತ್ತೆ ಕೆಲಸ ಹಿಡಿಯುತ್ತವೆ. ಎರಡು ದಿನಕ್ಕೊಮ್ಮೆ ಕಿಟ್ ನೋಡಿ. ಅಮೋನಿಯಾ ಸೊನ್ನೆಗೆ ಬಂದ ಮೇಲೆ ವಾರಕ್ಕೊಮ್ಮೆ 10, 12 ಲೀಟರ್. ಚಿಪ್ಪಿನ ಮಾತು ಆಗ.

ಹಳೇ ಟ್ಯಾಂಕ್

ಹಾಗಾದರೆ ನಾನು ಪೂರ್ತಿ ನೀರು ತೆಗೆದರೂ ನನ್ನ ಗೋಲ್ಡ್‌ಫಿಶ್ ಸಾಯಲಿಲ್ಲ, ಅದಕ್ಕೇನಂತೀರಿ?

ಬ್ರಹ್ಮಾವರ ಬಾವಿಕಟ್ಟೆ

ಅಣ್ಣ, ನೀವು ಪೂರ್ತಿ ತೆಗೆದದ್ದರಿಂದ ಹಳೇ ಅಮೋನಿಯಾ ಉಳಿಯಲೇ ಇಲ್ಲ. ಆ ಲೆಕ್ಕದಲ್ಲಿ ತಿಂಗಳಿಗೊಮ್ಮೆ ಅರ್ಧ ತೆಗೆಯುವವರಿಗಿಂತ ನೀವು ಒಂದು ಕೈ ಮೇಲೆ! ಗೋಲ್ಡ್‌ಫಿಶ್ ಗಟ್ಟಿ ಜೀವ ಕೂಡ. ಆದರೆ ಫಿಲ್ಟರನ್ನು ನಲ್ಲಿ ನೀರಲ್ಲಿ, ಜಲ್ಲಿಯನ್ನು ಉಪ್ಪಲ್ಲಿ ತಿಕ್ಕಿದಾಗ ಬ್ಯಾಕ್ಟೀರಿಯಾ ಹೆಚ್ಚಿನದ್ದು ಹೋಯಿತು. ಹಾಗಾಗಿ ಪ್ರತಿ ಸಲವೂ ಮೊದಲ ಕೆಲವು ದಿನ ನೀರು ಹಾಲಿನ ಹಾಗೆ ಮಸುಕಾಗುತ್ತದಲ್ವಾ? ಬಲೆಯಲ್ಲಿ ಹಿಡಿಯುವಾಗ ಮೈಮೇಲಿನ ಲೋಳೆಯೂ ಹೋಗುತ್ತದೆ. ಮೀನನ್ನು ಟ್ಯಾಂಕಿನಲ್ಲೇ ಬಿಟ್ಟು ನೀರು ತೆಗೆಯಬಹುದು, ಹಿಡಿಯುವ ಅಗತ್ಯವೇ ಇಲ್ಲ.

ಹಳೇ ಟ್ಯಾಂಕ್

ಮಸುಕಾಗುವುದು ಹೌದು. ಅದು ಹೊಸ ನೀರಿನ ಗುಣ ಅಂತ ಅಂದುಕೊಂಡಿದ್ದೆ. ಸ್ಪಂಜ್ ತೊಳೆಯುವುದು ಬಿಟ್ಟು ನೋಡ್ತೇನೆ. ಜಲ್ಲಿ ಮಾತ್ರ ತಿಕ್ಕಿಯೇ ತಿಕ್ಕುವವ ನಾನು.

ಮಲ್ಪೆ ಗಾಳಿ

ತೊಳೆಯುವುದು ಬಿಡಬೇಡಿ ಅಣ್ಣ, ನಲ್ಲಿ ನೀರಲ್ಲಿ ತೊಳೆಯುವುದನ್ನು ಮಾತ್ರ ಬಿಡಿ. ಟ್ಯಾಂಕಿನಿಂದ ತೆಗೆದ ಹಳೇ ನೀರಿನ ಬಕೆಟಿನಲ್ಲೇ ಸ್ಪಂಜ್ ಅದ್ದಿ ಎರಡು ಸಲ ಹಿಂಡಿ. ಸಾಕು. ಕಂದು ಬಣ್ಣ ಪೂರ್ತಿ ಹೋಗಬೇಕು ಅಂತಿಲ್ಲ.

ಜಲ್ಲಿಗೆ ಸೈಫನ್ ಬಳಸಿ. ದಪ್ಪ ಬಾಯಿಯ ಕೊಳವೆಯನ್ನು ನೇರ ಜಲ್ಲಿಯೊಳಗೆ ಚುಚ್ಚಬೇಕು. ಕಲ್ಲುಗಳು ಕೊಳವೆಯೊಳಗೆ ಕುದಿಯುವ ಹಾಗೆ ಎದ್ದು ಕುಣಿಯುತ್ತವೆ, ಕಂದು ಕೊಳೆ ಮಾತ್ರ ಬಿಡಿಸಿಕೊಂಡು ಪೈಪ್ ಹತ್ತುತ್ತದೆ. ಕಲ್ಲೂ ಮೇಲೇರಲು ಶುರುವಾದರೆ ಪೈಪನ್ನು ಬೆರಳಿನಿಂದ ಸ್ವಲ್ಪ ಹಿಸುಕಿ, ಕಲ್ಲು ಟಕಟಕ ಅಂತ ಕೆಳಗೆ ಬೀಳುತ್ತವೆ. ನೀರು ತಿಳಿಯಾದ ಕೂಡಲೇ ಪಕ್ಕದ ಜಾಗ. ಒಂದು ಸಲಕ್ಕೆ ಅರ್ಧ ನೆಲ ಸಾಕು, ಉಳಿದದ್ದು ಮುಂದಿನ ವಾರ. ಬಾಯಲ್ಲಿ ಎಳೆದು ಶುರು ಮಾಡುವುದು ಬೇಡ, ಆ ನೀರು ಬಾಯಿಗೆ ಹೋಗುವಂಥದ್ದಲ್ಲ. ಪೈಪನ್ನು ಟ್ಯಾಂಕಿನಲ್ಲೇ ಮುಳುಗಿಸಿ ತುಂಬಿಸಿ, ತುದಿಗೆ ಹೆಬ್ಬೆರಳು ಒತ್ತಿ, ಬಕೆಟಿನ ಹತ್ತಿರ ತಂದು ಬಿಟ್ಟರಾಯ್ತು.

ಕುಡ್ಲದ ಆಸ್ಕರ್

ಇದಕ್ಕೆ ಸೇರಿಸಿ: ಲೈಟ್ ಆಫ್ ಮಾಡಿ, ಪಂಪಿನ ಸ್ವಿಚ್ ತೆಗೆಯಿರಿ, ಕೈ ಹಾಕುವ ಮೊದಲು. ಕೈಯಲ್ಲಿ ಸೋಪು, ತೆಂಗಿನೆಣ್ಣೆ, ಸೊಳ್ಳೆ ಕ್ರೀಮ್ ಏನೂ ಇರಬಾರದು. ಸೊಳ್ಳೆ ಕ್ರೀಮನ್ನು ಜನ ಮರೆತೇಬಿಡ್ತಾರೆ. ಮೀನಿನ ಬಕೆಟ್ ಬೇರೆ, ಬಟ್ಟೆಯ ಬಕೆಟ್ ಬೇರೆ. ಹೊಸ ನೀರು ಸುರಿಯುವಾಗ ಟ್ಯಾಂಕಿನಲ್ಲಿ ಒಂದು ತಟ್ಟೆ ತೇಲಿಬಿಟ್ಟು ಅದರ ಮೇಲೆ ಹೊಯ್ಯಿರಿ. ಏಂಜೆಲ್ ಬೆದರುವುದು ಅರ್ಧ ಕಡಿಮೆಯಾಗುತ್ತದೆ.

ಲ್ಯಾಬ್ ಕೋಟು

ಬಾವಿಯವರಿಗೆ ಇನ್ನೊಂದು. ಆಗ ತಾನೇ ಸೇದಿದ ನೀರಿನಲ್ಲಿ ಇಂಗಾಲದ ಡೈ ಆಕ್ಸೈಡ್ ಜಾಸ್ತಿ, ಆಮ್ಲಜನಕ ಕಡಿಮೆ ಇರುತ್ತದೆ. ಕೂಡಲೇ ಪಿಎಚ್ ನೋಡಿದರೆ ತೀರಾ ಕೆಳಗೆ ತೋರಿಸುತ್ತದೆ. ರಾತ್ರಿ ಏರ್ ಸ್ಟೋನ್ ಹಾಕಿಟ್ಟು ಬೆಳಿಗ್ಗೆ ನೋಡಿ, ಅಂಕಿ ಮೇಲೆ ಬಂದಿರುತ್ತದೆ. ಅದೇ ನಿಜವಾದ ಅಂಕಿ. ಟ್ಯಾಂಕಿಗೆ ಹಾಕುವುದೂ ಆಮೇಲೆಯೇ.

ಪುತ್ತೂರು ಪೇಟೆ

ವಿಷಯಕ್ಕೆ ಸ್ವಲ್ಪ ಹೊರಗೆ. ನಾನು ಸಾಕುವುದು ಕೆನರಾ ಪರ್ಲ್‌ಸ್ಪಾಟ್, ಎಟ್ರೋಪ್ಲಸ್ ಕೆನರೆನ್ಸಿಸ್. ನೇತ್ರಾವತಿ, ಕುಮಾರಧಾರಾ ಕಡೆಯ ನಮ್ಮದೇ ಮೀನು. ಈ ಮೆದು ನೀರಿನಲ್ಲಿ ಹಾಯಾಗಿದೆ. ದೇಶದ ಮೊದಲ ಮೀನುಗಾರಿಕಾ ಕಾಲೇಜು 1969ರಲ್ಲಿ ಶುರುವಾದದ್ದು ನಮ್ಮ ಮಂಗಳೂರಲ್ಲಿ. ಆದರೂ ಎಲ್ಲರಿಗೂ ಬೇಕಾದದ್ದು ಅಮೆಜಾನಿನ ಏಂಜೆಲ್ಲೇ!

ಗಪ್ಪಿ ಗ್ಯಾಂಗ್

ಬೇಸಿಗೆಯಲ್ಲಿ ನೀರೇ ಇಲ್ಲದಿದ್ದರೆ? 2019ರಲ್ಲಿ ತುಂಬೆಯಲ್ಲೂ ಉಡುಪಿಯ ಬಜೆ ಅಣೆಕಟ್ಟಿನಲ್ಲೂ ನೀರು ತಳ ಕಂಡು ಸರದಿ ಪ್ರಕಾರ ಬಿಟ್ಟಿದ್ದರಲ್ಲ. ಕುಡಿಯಲಿಕ್ಕೇ ಇಲ್ಲ, ಮೀನಿಗೆ ಎಲ್ಲಿಂದ ತರೋದು?

ಬ್ರಹ್ಮಾವರ ಬಾವಿಕಟ್ಟೆ

ಆಗ ತಿಂಡಿ ಕಡಿಮೆ ಮಾಡುವುದೇ ದಾರಿ. ದೊಡ್ಡ ಮೀನಿಗೆ ಎರಡು ದಿನಕ್ಕೊಮ್ಮೆ ಹಾಕಿದರೂ ಸಾಕು. ತೇಲುವ ಗಿಡ ಬಿಡಿ, ಅದು ನೈಟ್ರೇಟ್ ತಿನ್ನುತ್ತದೆ. ಆರಿದ್ದಕ್ಕೆ ತುಂಬಿಸುತ್ತಾ ಹೋಗುವುದು ಬದಲಿಸಿದ ಹಾಗಲ್ಲ, ನೀರು ಮಾತ್ರ ಆರುತ್ತದೆ, ಲವಣ ಅಲ್ಲೇ ಉಳಿಯುತ್ತದೆ. ಟ್ಯಾಂಕರ್ ನೀರು ಬಂದರೆ ಪ್ರತಿ ಸಲ ಪರೀಕ್ಷೆ ಮಾಡಿ. ಇವತ್ತಿನ ಟ್ಯಾಂಕರ್ ಬೇರೆ ಬಾವಿಯದ್ದು, ನಾಳೆಯದ್ದು ಬೇರೆ. ಸಮುದ್ರದ ಹತ್ತಿರದ ಬೋರ್ ಆದರೆ ಉಪ್ಪು ಇರಬಹುದು, ನಾಲಿಗೆಗೆ ಒಂದು ಹನಿ ಇಟ್ಟರೆ ಗೊತ್ತಾಗುತ್ತದೆ.

ಬಿಜೈ ಬಾಲ್ಕನಿ

ದಿನಾ ಐದು ಲೀಟರ್ ಮಾಡಿಕೊಂಡು ಬಂದೆ. ಪಿಎಚ್ ಈಗ 6.6. ಅಮೋನಿಯಾ ಹಳದಿ, ಅಂದರೆ ಸೊನ್ನೆ. ನಿನ್ನೆ ಮೊದಲ ಸಲ 10 ಲೀಟರ್ ಹಾಕಿದೆ, ಬೆಳಿಗ್ಗೆ, ತಟ್ಟೆ ಇಟ್ಟು. ಟೆಟ್ರಾ ತಟ್ಟೆಯ ಕೆಳಗೇ ಬಂದು ಆಡುತ್ತಿದ್ದವು, ಬಣ್ಣ ಇಳಿಯಲಿಲ್ಲ. ಏಂಜೆಲ್ ಹತ್ತು ನಿಮಿಷ ಮೂಲೆಯಲ್ಲಿ ನಿಂತು ಆಮೇಲೆ ತಿಂಡಿಗೆ ಬಂತು. ತೆಗೆದ ನೀರನ್ನು ಅತ್ತೆ ಬಾಲ್ಕನಿಯ ಮಲ್ಲಿಗೆಗೆ ಹಾಕ್ತಾರೆ. ಅದಕ್ಕೇ ಈಗ ನೀರು ಬದಲಿಸಲು ಅವರದ್ದೇ ಅವಸರ.

ಆದರೆ ಮೋಲಿ ಇನ್ನೂ ನಿಂತಲ್ಲೇ ಮೈ ಅಲುಗಾಡಿಸುತ್ತವೆ. ಚಿಪ್ಪು ಈಗ ಹಾಕಬಹುದಾ? ಎಷ್ಟು?

ಬ್ರಹ್ಮಾವರ ಬಾವಿಕಟ್ಟೆ

ಈಗ ಹಾಕಬಹುದು. ಮೋಲಿಗೆ ಗಡಸು ನೀರೇ ಬೇಕು, ಆ ಅಲುಗಾಟ ಮೆದು ನೀರಿನಲ್ಲಿ ಮಾಮೂಲು. ಮರುವಾಯಿ ಸುಕ್ಕ ಮಾಡಿದ ದಿನದ ಚಿಪ್ಪು ಆದೀತು, ಆದರೆ ಮಸಾಲೆ, ಎಣ್ಣೆ ಒಂದು ಚೂರೂ ಉಳಿಯಬಾರದು. ಬೇಯಿಸುವ ಮೊದಲೇ ಕೆಲವು ಖಾಲಿ ಚಿಪ್ಪು ತೆಗೆದಿಟ್ಟರೆ ಇನ್ನೂ ಒಳ್ಳೆಯದು. ಬ್ರಷ್ಷಿನಲ್ಲಿ ಉಜ್ಜಿ, ಬರೀ ನೀರಿನಲ್ಲಿ ಕುದಿಸಿ, ಬಿಸಿಲಿಗೆ ಒಣಗಿಸಿ. ಐದಾರು ಚಿಪ್ಪು ಬಲೆ ಚೀಲದಲ್ಲಿ ಕಟ್ಟಿ ಫಿಲ್ಟರಿನ ಹತ್ತಿರ, ನೀರು ಹರಿಯುವ ಜಾಗದಲ್ಲಿ ಇಡಿ. ನೀರು ಹುಳಿಯಾದಷ್ಟೂ ಚಿಪ್ಪು ಬೇಗ ಕರಗುತ್ತದೆ, ಏಳು ದಾಟಿದ ಮೇಲೆ ನಿಧಾನ. ವಾರ ಬಿಟ್ಟು ಪಿಎಚ್ ನೋಡಿ, ಸಾಲದಿದ್ದರೆ ಇನ್ನೆರಡು.

ಬಿಜೈ ಬಾಲ್ಕನಿ

ನಾವು ಸಸ್ಯಾಹಾರಿಗಳು.

ಮಲ್ಪೆ ಗಾಳಿ

ಅದಕ್ಕೇನಂತೆ, ತಣ್ಣೀರುಬಾವಿ ಬೀಚಿಗೆ ಹೋದಾಗ ದಡದಲ್ಲಿ ಬಿದ್ದದ್ದರಲ್ಲಿ ಜೀವ ಇಲ್ಲದ, ಬೆಳ್ಳಗಾದ ಚಿಪ್ಪು ನಾಲ್ಕು ಹೆಕ್ಕಿ ತನ್ನಿ. ಉಪ್ಪು ಹೋಗಲು ಎರಡು ಮೂರು ದಿನ ಸಿಹಿನೀರಲ್ಲಿ ನೆನೆಸಿ, ನೀರು ಬದಲಿಸುತ್ತಾ ಇರಿ.